ಬಾಡಿಗೆ ಕೈ

ಆ ಆಸ್ಪತ್ರೆಯ ಡಾಕ್ಟರುಗಳು ದಿನಾ ಬೆಳಿಗ್ಗೆ ಮೊಬೈಲನ್ನು ಅಂಗೈಗೆ ಒತ್ತಿಕೊಂಡು ಅವತ್ತಿನ ವಿದ್ಯೆಯನ್ನು ಕೈಗೆ ತುಂಬಿಸಿಕೊಳ್ಳುತ್ತಿದ್ದರು. ಸಂಜೆಗೆ ಅದು ಇಳಿದುಹೋಗುತ್ತಿತ್ತು. ವರ್ಷಗಟ್ಟಲೆ ಮಾಡಿ ಮಾಡಿ ಕಲಿತವರೆಂದರೆ ಹೆರಿಗೆ ವಾರ್ಡಿನ ರೆಜಿನಾ ಸಿಸ್ಟರ್ ಒಬ್ಬರೇ. ಮೊಬೈಲಿಗೆ ಕೈಯೊಡ್ಡಲು ಒಪ್ಪದ್ದಕ್ಕೆ ಅವರನ್ನು ಅದೇ ವಾರ್ಡಿನಲ್ಲಿ ಬಟ್ಟೆ ಮಡಿಸಲು ಹಾಕಿದ್ದರು. ಡಾಕ್ಟರುಗಳನ್ನು ಕಂಡರೆ ಅವರು "ಬಾಡಿಗೆ ಕೈಗಳು" ಎಂದು ಮೂಗು ಮುರಿಯುತ್ತಿದ್ದರು.

ಅವತ್ತು ಹತ್ತು ಗಂಟೆಗೆ ಶಾಂತವ್ವನಿಗೆ ಹೆರಿಗೆಯಾಯಿತು. ಕೂಸು ಅಳಲಿಲ್ಲ, ಮೈ ನೀಲಿಗಟ್ಟಿತ್ತು. ಅದೇ ಹೊತ್ತಿಗೆ ಡಾಕ್ಟರ್ ಪ್ರಣೀತನ ಮೊಬೈಲು ಕೈಯಲ್ಲಿದ್ದ ಹಳೆಯ ಪಾಠ ಅಳಿಸಿ ಹೊಸದನ್ನು ತುಂಬತೊಡಗಿತು. ಅವನು ಎರಡೂ ಕೈ ಮೇಲೆತ್ತಿ ನಿಂತುಬಿಟ್ಟ.

"ಅಪ್‌ಡೇಟ್ ಆಗ್ತಿದೆ ಸಿಸ್ಟರ್. ನಾಲ್ಕೇ ನಿಮಿಷ."

"ಅದನ್ನ ಕೂಸಿಗೆ ಹೇಳಿ," ಎಂದು ರೆಜಿನಾ ಅವನನ್ನು ಮೊಣಕೈಯಿಂದ ಪಕ್ಕಕ್ಕೆ ತಳ್ಳಿದರು. ಕೂಸಿನ ಮೈ ಒರೆಸಿ ಬೆನ್ನು ತಿಕ್ಕಿದರು. ಉಸಿರು ಬರಲಿಲ್ಲ. ಪುಟ್ಟ ಮಾಸ್ಕನ್ನು ಮೂಗುಬಾಯಿಗೆ ಕೂರಿಸಿ ಗಾಳಿಚೀಲವನ್ನು ಮೆಲ್ಲಗೆ ಅದುಮುತ್ತ ಹೋದರು. ಸ್ವಲ್ಪ ಹೊತ್ತಿಗೆ ಕೂಸು ಒಮ್ಮೆ ಬಿಕ್ಕಿ, ವಾರ್ಡೆಲ್ಲ ಕೇಳುವಂತೆ ಕಿರುಚಿತು. ಶಾಂತವ್ವ "ನನ್ನವ್ವಾ" ಎಂದು ಅತ್ತುಬಿಟ್ಟಳು.

ಆಗ ಪ್ರಣೀತನ ಮೊಬೈಲು ಟಿಣ್ಣೆಂದಿತು: "ಅಭಿನಂದನೆಗಳು! ನವಜಾತ ಶಿಶುವಿನ ಆರೈಕೆ, ಪಾಠ ಪೂರ್ಣ. ಐದು ನಕ್ಷತ್ರ."

ಅವನು ಬೆರಳು ಆಡಿಸಿ ನೋಡಿ, ನಿರಾಳವಾಗಿ ಕೈ ಚಾಚಿದ. "ಕೊಡಿ ಸಿಸ್ಟರ್, ಇನ್ನು ನಾನು ನೋಡ್ಕೊಳ್ತೀನಿ."

ರೆಜಿನಾ ಕೂಸನ್ನು ತಾಯಿಯ ಎದೆಯ ಮೇಲೆ ಮಲಗಿಸಿ, ಅವನತ್ತ ತಿರುಗಿಯೂ ನೋಡದೆ ಹೇಳಿದರು: "ಮೊದಲು ಕೈ ತೊಳ್ಕೊಂಡು ಬನ್ನಿ ಡಾಕ್ಟ್ರೇ. ಅದಕ್ಕೂ ಪಾಠ ಬೇಕಿದ್ರೆ ನಲ್ಲಿ ಹತ್ತಿರ ನಿಂತು ನೋಡ್ಕೊಳ್ಳಿ."