ಅಕ್ಕಿಮುಡಿಯ ಹಿಂದಿನ ಲಕೋಟೆ

ಚೆನ್ನಕೇಶವ ಗೌಡರು ಪೇಪರನ್ನು ಇನ್ನೊಮ್ಮೆ ಗಟ್ಟಿಯಾಗಿ ಓದಿದರು. ರಾಜ್ಯದ ಉತ್ತಮ ಶಿಕ್ಷಕರ ಪಟ್ಟಿಯಲ್ಲಿ ಹನ್ನೊಂದನೆಯ ಹೆಸರು ನೆಕ್ಕಿಲಪದವು ಶಾಲೆಯ ನೀಲಾವತಿ ಟೀಚರದ್ದು. ಸನ್ಮಾನ ನಾಳೆ ಸಂಜೆ, ಬೆಂಗಳೂರಿನಲ್ಲಿ. ಜಗಲಿಯ ಕೆಳಗೆ ನಿಂತು ಕೇಳುತ್ತಿದ್ದ ಅಂಚೆಯ ಕುಕ್ಕಪ್ಪ ಒಂದು ಮೆಟ್ಟಿಲು ಮೇಲೆ ಬಂದ.

“ಗೌಡ್ರೆ, ಹಾಗಾದ್ರೆ ಆ ಲಕೋಟೆ?”

“ಯಾವ ಲಕೋಟೆ?” ಗೌಡರು ಪೇಪರಿನ ಹಿಂದೆ ಮುಖ ಮರೆಸಿಕೊಂಡರು.

“ಯಾವುದಾ? ನೀವೇ ಅಲ್ವಾ ಅಡಗಿಸಿ ಇಡು ಅಂತ ಹೇಳಿದ್ದು!”

“ಮಳೆ ಬಿಡುವವರೆಗೆ ಇರ್ಲಿ ಅಂದದ್ದು ಮಾರಾಯ. ನಾನೆಂತ, ಒಳಗೆ ಕಣ್ಣು ಹಾಕಿ ನೋಡಿದ್ದೇನಾ?”

ಗೌಡರದ್ದೊಂದೇ ತಪ್ಪು ಎನ್ನುವಂತೆಯೂ ಇಲ್ಲ. ಐವತ್ತೊಂಬತ್ತನೇ ಇಸವಿಯಿಂದ ನಾಲ್ಕು ಮಳೆಗಾಲಗಳಲ್ಲಿ ನಾಲ್ಕು ಮಾಷ್ಟ್ರುಗಳು ಆ ಹೊಳೆಯಾಚೆಯ ಶಾಲೆಗೆ ಬಂದಿದ್ದರು, ನಾಲ್ವರೂ ಹೋಗಿದ್ದರು. ಪ್ರತಿ ಸಲವೂ ಮೊದಲು ಬಂದದ್ದು ಸರಕಾರಿ ಮುದ್ರೆಯ ಒಂದು ಕಂದು ಲಕೋಟೆ, ಒಳಗೆ ವರ್ಗದ ಆರ್ಡರು. ಅದನ್ನು ಮುಟ್ಟಿಸಿದವನು ಕುಕ್ಕಪ್ಪನೇ. ಆಮೇಲೆ ಬಂದ ನೀಲಾವತಿ ಟೀಚರು ಮಾತ್ರ ಮೂರು ವರ್ಷ ಅಲುಗಾಡಲಿಲ್ಲ. ಮಕ್ಕಳಿಗೆ ಕಲಿಸಿದ್ದಲ್ಲದೆ, ಕನ್ನಡ ಬಿಟ್ಟು ಬೇರೆ ಅಕ್ಷರ ಗೊತ್ತಿಲ್ಲದೆ ವಿಳಾಸ ಓದಲು ಒದ್ದಾಡುತ್ತಿದ್ದ ಕುಕ್ಕಪ್ಪನನ್ನೂ ಸಂಜೆ ಹೊತ್ತು ಬೆಂಚಿನಲ್ಲಿ ಕೂರಿಸಿ ಇಂಗ್ಲಿಷಿನ ಇಪ್ಪತ್ತಾರು ಅಕ್ಷರ ತಿದ್ದಿಸಿದ್ದರು. ಅವರು ಕಲಿಸಿದ ಆ ಅಕ್ಷರಗಳಿಂದಲೇ ಅವನು ಈ ಸಲ ಟೀಚರ ಹೆಸರಿಗೆ ಬಂದ ಲಕೋಟೆಯ ಮೇಲೆ ‘ಗವರ್ನಮೆಂಟ್’ ಎಂದು ಕೂಡಿಸಿ ಓದಿದ್ದು, ಓದಿ ಎದೆ ಒಡೆದುಕೊಂಡದ್ದು, ಗೌಡರ ಮನೆಗೆ ಓಡಿದ್ದು. ಅಂದಿನಿಂದ ಹದಿನೆಂಟು ದಿನ ಅದು ಅವನ ಮನೆಯ ಅಟ್ಟದಲ್ಲಿ, ಹುಲ್ಲು ಸುತ್ತಿದ ಅಕ್ಕಿಮುಡಿಯ ಹಿಂದೆ ಕೂತಿತ್ತು.

ಕುಕ್ಕಪ್ಪ ಮನೆಗೆ ಹೋಗಿ, ಲಕೋಟೆ ತೆಗೆದು, ಹೊಳೆ ದಾಟಿ ಶಾಲೆ ಮುಟ್ಟುವಾಗ ಗಂಟೆ ಹತ್ತೂವರೆ. ಟೀಚರು ಲಕೋಟೆ ಒಡೆದರು, ಓದಿದರು, ಕುರ್ಚಿಯಲ್ಲಿ ಕೂತರು, ಪುನಃ ಓದಿದರು. ಅವರ ಮುಖ ಅರಳಿದ್ದನ್ನು ಕಂಡು ಕುಕ್ಕಪ್ಪನಿಗೆ ಇನ್ನಷ್ಟು ಸಂಕಟವಾಯಿತು.

“ಕುಕ್ಕಪ್ಪಣ್ಣ, ಇದರಲ್ಲಿ ಆಗಸ್ಟ್ ಹದಿನಾಲ್ಕು ಅಂತ ಉಂಟಲ್ಲ. ಕಾಗದಕ್ಕೆ ಹೊಗೆ ವಾಸನೆ ಬೇರೆ. ಎಲ್ಲಿತ್ತು ಇದು?”

ಸುಳ್ಳು ಹೇಳಬೇಕೆಂದು ದಾರಿಯುದ್ದಕ್ಕೂ ಯೋಚಿಸಿ ಬಂದಿದ್ದ. ಆದರೆ ಅಕ್ಷರ ಕಲಿಸಿದವರ ಎದುರು ನಾಲಿಗೆ ಏಳಲಿಲ್ಲ. “ಅಡಗಿಸಿ ಇಟ್ಟದ್ದು ಟೀಚರೇ. ವರ್ಗದ ಆರ್ಡರು ಅಂತ ಗ್ರಹಿಸಿದೆ. ಕೊಟ್ರೆ ನೀವು ಹೋಗ್ತೀರಿ, ಶಾಲೆಗೆ ಪುನಃ ಬೀಗ. ನೀವು ಮೇಲಿನವರಿಗೆ ಬರೆದು ಹಾಕಿದ್ರೆ ನನ್ನ ಕೆಲಸ ಹೋಗ್ತದೆ, ಹೋಗ್ಲಿ. ಬರೀರಿ.”

ಟೀಚರಿಗೆ ಸಿಟ್ಟು ಬಂದದ್ದು ಹೌದು. ಕಿವಿ ಕೆಂಪಾಯಿತು. ಆದರೆ ಕಿಟಕಿಯ ಕಡೆ ತಿರುಗಿ ಸೆರಗಿನಿಂದ ಕಣ್ಣೊರೆಸಿಕೊಂಡರು. “ಅಲ್ಲ ಮಾರಾಯ್ರೆ, ನನ್ನನ್ನು ಉಳಿಸಿಕೊಳ್ಲಿಕ್ಕೆ ಈವರೆಗೆ ಯಾರೂ ಕಳ್ಳತನ ಮಾಡಿದ್ದಿಲ್ಲ” ಎಂದು ನಕ್ಕುಬಿಟ್ಟರು. “ಬೆಂಗಳೂರಿನ ಬಸ್ಸು ಗುಂಡ್ಯಕ್ಕೆ ಎಷ್ಟು ಗಂಟೆಗೆ?”

“ಎರಡಕ್ಕೆ. ಎದ್ದೇಳಿ ಟೀಚರೇ, ಎದ್ದೇಳಿ!”

ಹೊಳೆಯ ಈಚೆ ದಡದಲ್ಲಿ ಗೌಡರ ಜೀಪು ಕಾದು ನಿಂತಿತ್ತು. ಸ್ವಂತ ತಂಗಿಯ ಮದುವೆಗೂ ಕೊಡದಿದ್ದ ಜೀಪು ಅದು. ಗೌಡರು ಯಾರ ಮುಖವನ್ನೂ ನೋಡದೆ ಓಡಿಸಿದರು. ಟೀಚರ ಕೈಯಲ್ಲಿ ಪೆಟ್ಟಿಗೆ, ಹೆಗಲಲ್ಲಿ ಗೌಡರ ಹೆಂಡತಿಯ ಜರಿಸೀರೆಯ ಗಂಟು. ಬಸ್ಸು ಹೊರಡಲು ಕಂಡಕ್ಟರ್ ಸೀಟಿ ಊದುವಾಗ ಕುಕ್ಕಪ್ಪ ಖಾಕಿ ಅಂಗಿಯಲ್ಲೇ ರಸ್ತೆಗೆ ಅಡ್ಡ ನಿಂತ. ಡ್ರೈವರ್ ಬೈದದ್ದು ಅಷ್ಟಿಷ್ಟಲ್ಲ. ಆದರೆ ಟೀಚರು ಹತ್ತಿದರು, ಕಿಟಕಿಯಿಂದ ಕೈಬೀಸಿದರು. ಹಗುರಾದ ಎದೆಯಲ್ಲಿ ಕುಕ್ಕಪ್ಪ ಆ ದಿನದ ಟಪಾಲು ಹಂಚಲು ನಡೆದ.

ಟೀಚರು ವಾಪಸು ಬಂದರು, ನಾಲ್ಕನೆಯ ದಿನ. ಬೆಳ್ಳಿಯ ಪದಕ, ಒಂದು ಶಾಲು, ಚೌಕಟ್ಟು ಹಾಕಿದ ಪತ್ರ. ಊರಿನವರೆಲ್ಲ ಸಾಲುಗಟ್ಟಿ ಬಂದು ಪದಕವನ್ನು ಮುಟ್ಟಿ ನೋಡಿದರು. ಗೌಡರು ಎರಡು ಸಲ ನೋಡಿ, “ಎಲ್ಲ ಸರಿ, ತೂಕ ಸ್ವಲ್ಪ ಕಮ್ಮಿ” ಎಂದರು.

ತಿಂಗಳು ಕಳೆದು ಮತ್ತೊಂದು ಕಂದು ಲಕೋಟೆ ಬಂತು. ಅದೇ ಮುದ್ರೆ, ಅದೇ ಅಕ್ಷರ. ಕುಕ್ಕಪ್ಪ ಈ ಸಲ ಗೌಡರ ಮನೆಯ ದಾರಿ ಹಿಡಿಯಲಿಲ್ಲ. ಎಲ್ಲರಿಗಿಂತ ಮೊದಲು ಟೀಚರ ಮೇಜಿನ ಮೇಲೆ ಇಟ್ಟು, ಎರಡು ಹೆಜ್ಜೆ ಹಿಂದೆ ಸರಿದು ನಿಂತ.

“ಕೈಗೆ ಸಿಕ್ಕಿದ ಕೂಡಲೇ ತಂದದ್ದು ಟೀಚರೇ. ಇದೂ ಪ್ರಶಸ್ತಿಯೇ ಇರಬೇಕು.”

ಟೀಚರು ಲಕೋಟೆಯನ್ನು ಕೈಯಲ್ಲಿ ಹಿಡಿದು ಹಿಂದೆ ಮುಂದೆ ನೋಡಿದರು. “ಅಲ್ಲ. ಇದರಲ್ಲಿ ಎಂತ ಉಂಟೂಂತ ನನಗೆ ಗೊತ್ತುಂಟು. ಶಾಲು ಹೊದಿಸಿದವರೇ ಹೇಳಿದ್ರು, ಇಂಥ ಟೀಚರು ಹೊಳೆಯಾಚೆ ಯಾಕೆ, ಪುತ್ತೂರಿನ ದೊಡ್ಡ ಶಾಲೆಗೆ ಹಾಕ್ತೇವೆ ಅಂತ.”

ಕುಕ್ಕಪ್ಪನ ಮುಖ ಬಾಡಿತು. ನಿಯತ್ತಾಗಿ ನಡೆದುಕೊಂಡದ್ದಕ್ಕೆ ತನ್ನನ್ನೇ ಶಪಿಸಿಕೊಂಡ. ಒಳಗೆ ಮಕ್ಕಳು ಎಂಟರ ಮಗ್ಗಿ ಹೇಳುತ್ತಿದ್ದರು. ಟೀಚರು ಅದನ್ನು ಸ್ವಲ್ಪ ಹೊತ್ತು ಕೇಳಿದರು. ಆಮೇಲೆ ಒಡೆಯದ ಲಕೋಟೆಯನ್ನು ಅವನ ಚೀಲಕ್ಕೆ ಮೆಲ್ಲ ತುರುಕಿ, ದನಿ ತಗ್ಗಿಸಿ ಕೇಳಿದರು:

“ಕುಕ್ಕಪ್ಪಣ್ಣ, ಅಟ್ಟದಲ್ಲಿ ಆ ಅಕ್ಕಿಮುಡಿ ಇನ್ನೂ ಉಂಟಲ್ವಾ?”