ನೀಲಮ್ಮನ ನೇಮ

ಹೆರಿಗೆಯಲ್ಲಿ ಸೊಸೆ ನೀಲಮ್ಮ ಹೋದಳೆಂಬ ಸುದ್ದಿ ಬಂದ ದಿನ ದುಂಡಮ್ಮ ಎದೆ ಬಡಿದುಕೊಂಡು ಅತ್ತಳು. ಇನ್ನೊಂದು ಬಸಿರು ನಿಂತರೆ ಜೀವ ಉಳಿಯದೆಂದು ಡಾಕ್ಟರು ಮೊದಲೇ ಎಚ್ಚರಿಸಿದ್ದರು. ಬಸಿರಾಗದಂತೆ ಮಾತ್ರೆ ಕೊಡುತ್ತಿದ್ದ ನರ್ಸಮ್ಮ ಬಾಗಿಲಿಗೆ ಬಂದದ್ದೇ ತಡ, ದುಂಡಮ್ಮ ಸಿಡಿದೆದ್ದಳು.

"ನಿನ್ನ ಮಾತ್ರೆಗೆ ಬೆಂಕಿ ಹಾಕ! ನುಂಗಿದರೂ ಬಸಿರು ನಿಂತಿತಲ್ಲೇ!"

"ದಿನಾ ತಪ್ಪದೆ ನುಂಗುತ್ತಿದ್ದಳೇನಮ್ಮಾ?"

"ದಿನಾ ಅಂದರೆ? ಸೋಮವಾರ, ಶುಕ್ರವಾರ ಈ ಮನೆಯಲ್ಲಿ ಹನಿ ನೀರೂ ಗಂಟಲಿಗಿಳಿಯೋದಿಲ್ಲ. ಆ ಪೆದ್ದಿ ಕದ್ದು ಮಾತ್ರೆ ಬಾಯಿಗಿಟ್ಟುಕೊಂಡಾಗೆಲ್ಲ ನಾನೇ ಬೆರಳು ಹಾಕಿ ತೆಗೆದಿದ್ದೀನಿ."

"ಅಯ್ಯೋ, ಒಂದು ದಿನವೂ ಬಿಡಬಾರದು ಅಂದಿದ್ದೆನಲ್ಲಮ್ಮಾ! ಅದಕ್ಕೇ ಬಸಿರಾದದ್ದು."

ದುಂಡಮ್ಮ ಕಣ್ಣೊರೆಸಿಕೊಂಡು ದೇವರಮನೆಯತ್ತ ಕೈಮುಗಿದಳು.

"ಶಿವನೇ, ಒಂದು ಉಪವಾಸವೂ ಕೆಡದ ಹಾಗೆ ಕಾದು ಅವಳನ್ನ ನಿನ್ನ ಹತ್ತಿರ ಕಳಿಸಿದ್ದೀನಿ. ಆ ಆತ್ಮಕ್ಕೆ ಶಾಂತಿ ಕೊಡಪ್ಪ."