ಒಂದು ‘ಎಚ್’ ಅಕ್ಷರ

ದಾವಣಗೆರೆಯ ಚಂದ್ರಕಲಾ ನಿವೃತ್ತ ನರ್ಸ್. ರಕ್ತ ಬೇಕಾದವರಿಗೆ ದಾನಿಗಳನ್ನು ಹುಡುಕಿಕೊಡಲು ಒಂದು ವೆಬ್‌ಸೈಟ್ ಮಾಡಿಸುತ್ತಿದ್ದರು... ಹೆಸರು ‘ನೆತ್ತರನಂಟು’.

ಡಿಸೈನರ್ ಇಲಿಯಾಸ್ ಒಂದೇ ಮಾತು ಹೇಳಿದ್ದ.

“ಮೇಡಂ, ಡೊಮೈನ್, ಅಂದ್ರೆ ಸೈಟಿನ ವಿಳಾಸ ತಗೊಳ್ಳೋ ಮುಂಚೆ ಹತ್ತು ಜನಕ್ಕೆ ಹೆಸರು ಹೇಳಿ ಇಂಗ್ಲಿಷಲ್ಲಿ ಟೈಪ್ ಮಾಡ್ಸಿ ನೋಡೋಣ. ‘ತ’ ಬರೆಯೋಕೆ ಕೆಲವರು ಬರೀ ‘ಟಿ’ ಹಾಕ್ತಾರೆ, ಕೆಲವರು ‘ಎಚ್’ ಸೇರಿಸ್ತಾರೆ.”

“ಭಾನುವಾರ ಉದ್ಘಾಟನೆ ಕಣಪ್ಪ! ಟೈಮೆಲ್ಲಿದೆ?”

ಉದ್ಘಾಟನೆಯಾಯಿತು. ಆಸ್ಪತ್ರೆ, ಮೆಡಿಕಲ್ ಶಾಪ್, ಆಟೋಗಳ ಹಿಂದೆ... ಒಟ್ಟು ಅರವತ್ತು ಬೋರ್ಡ್, ಎಲ್ಲದರಲ್ಲೂ ಸೈಟಿನ ಹೆಸರು ಕನ್ನಡದಲ್ಲಿ ಮಾತ್ರ.

ಮೊದಲ ವಾರ ಸೈಟಿಗೆ ಬಂದ ಕೋರಿಕೆ ಮೂರೇ ಮೂರು.

ಎರಡನೇ ವಾರ ಒಬ್ಬರು ಫೋನ್ ಮಾಡಿ, “ನಿಮ್ಮ ಸೈಟಲ್ಲಿ ಕೇಳಿದ್ರೆ ಯಾರೂ ತಿರುಗಿ ಫೋನೇ ಮಾಡಲ್ಲ” ಎಂದರು.

ನೆಟ್‌ವರ್ಕ್ ತೊಂದರೆ ಇರಬೇಕು ಅಂದುಕೊಂಡು ಚಂದ್ರಕಲಾ ಸುಮ್ಮನಾದರು...

ಆ ಶುಕ್ರವಾರ ಸಂಜೆ ಐದಕ್ಕೆ ವಿಳಾಸ ಹುಡುಕಿಕೊಂಡು ಬಂದ ಒಬ್ಬ ವ್ಯಕ್ತಿ ಅವರ ಮನೆ ಬಾಗಿಲಲ್ಲಿ ನಿಂತಿದ್ದರು. ಹರಪನಹಳ್ಳಿ ಕಡೆಯ ಕೊಟ್ರೇಶಿ. ಬೆವರಿದ ಕೈಯಲ್ಲಿ ಮೊಬೈಲು.

“ಮಗಳ ಹೆರಿಗ್ಯಾಗ ರಕ್ತ ನಿಲ್ಲಲಿಲ್ರಿ. ಓ ನೆಗೆಟಿವ್ ಬೇಕು ಅಂದ್ರು. ಬೋರ್ಡ್ ನೋಡಿ ಬೆಳಿಗ್ಗಿ ಒಂಬತ್ತಕ್ಕ ಇದ್ರಾಗ ಹಾಕೀನ್ರಿ...”

ಚಂದ್ರಕಲಾ ಮೊಬೈಲು ನೋಡಿದರು. ಅದೇ ಬಣ್ಣ, ಅದೇ ಹೆಸರು. ವಿಳಾಸದಲ್ಲಿ ಒಂದು ‘ಎಚ್’ ಹೆಚ್ಚು.

‘ನಿಮ್ಮ ಕೋರಿಕೆ ತಲುಪಿದೆ. ದಯವಿಟ್ಟು ಕಾಯಿರಿ.’

ಅದು ಅವರ ಸೈಟೇ ಅಲ್ಲ... ಜನರ ಫೋನ್ ನಂಬರ್ ಕದಿಯಲು ಯಾರೋ ಹೂಡಿದ ಬಲೆ!

ತಕ್ಷಣ ದಾನಿಗಳ ಪಟ್ಟಿ ತೆಗೆದರು. “ಅಣ್ಣಾ, ಹತ್ತೇ ನಿಮಿಷ... ಈಗಲೇ ಕಳಿಸ್ತೀನಿ!”

“ಬ್ಯಾಡ್ರಮ್ಮ... ಮೂರು ಗಂಟೆಗೇ ಹೋದ್ಲು.”

ಚಂದ್ರಕಲಾ ಪಟ್ಟಿಯನ್ನು ಕೆಳಗಿಟ್ಟರು.

“ನಾ ಅದಕ್ಕ ಬಂದಿಲ್ರಿ... ಪಕ್ಕದ ಬೆಡ್ಡಿನ ಹುಡುಗಿಗೂ ಅದೇ ರಕ್ತ ಬೇಕಾಗೇತಿ. ಅವರಪ್ಪಾನೂ ಇದ್ರಾಗ ಹಾಕಿ ಕಾಯ್ಕೋಂತ ಕುಂತಾರ... ಅಕಿನ್ನರ ಉಳಿಸ್ರಿ.”

ಒಂದು ಗಂಟೆಯೊಳಗೆ ದಾನಿ ತಲುಪಿದರು. ಆ ಹುಡುಗಿ ಉಳಿದಳು.

ಮರುದಿನದಿಂದ ಚಂದ್ರಕಲಾ ಊರೆಲ್ಲ ಅಲೆದು ಬೋರ್ಡ್‌ಗಳನ್ನು ಕಿತ್ತರು. ಐವತ್ತೆಂಟು ಸಿಕ್ಕವು.

ಎರಡು ಆಟೋಗಳು ಮಾತ್ರ ಇನ್ನೂ ಸಿಕ್ಕಿಲ್ಲ...

*ನಾವು ಉಳಿಸಿದ ಒಂದು ದಿನದ ಬೆಲೆಯನ್ನು, ನಮ್ಮನ್ನು ನಂಬಿದವರು ತೆರುತ್ತಾರೆ.*

ನಾಲ್ಕು ಜನ ನಂಬುವ ಕೆಲಸಕ್ಕೆ ಹೆಸರಿಡುವ ಮುಂಚೆ... ನೀವು ಒಮ್ಮೆ ಪರೀಕ್ಷೆ ಮಾಡಿ ನೋಡಿದ್ದೀರಾ?